ಲಾಟರಿ ಹೊಡೆದು ಸಿಕ್ಕ ಚಾರ್ಟರ್ ಶಾಲೆಯನ್ನು ಮಕ್ಕಳು ಯಾಕೆ ಬಿಡುತ್ತಾರೆ?

ಪ್ರಶ್ನೆ: ಅಕ್ಕ ಅರಿಜೋನಾದಲ್ಲಿದ್ದಾಳೆ. ಮಗನಿಗೆ ಅಲ್ಲಿನ ಹೆಸರಾಂತ ಚಾರ್ಟರ್ ಶಾಲೆಯೊಂದರಲ್ಲಿ ಸೀಟು ಸಿಕ್ಕಿದೆ. ಆದರೆ ಅಲ್ಲಿ ಎಷ್ಟೋ ಮಕ್ಕಳು ಹೈಸ್ಕೂಲಿಗೆ ಮುಂಚೆಯೇ ಬಿಟ್ಟು ಹೋಗುತ್ತಾರಂತೆ. ಶಾಲೆಯವರೇ ಟಿಸಿ ಕೈಗೆ ಕೊಡುತ್ತಾರಾ?

ಸಾಮಾನ್ಯವಾಗಿ ಇಲ್ಲ. ಕೊಡಬೇಕಾದ ಪ್ರಮೇಯವೇ ಬರುವುದಿಲ್ಲ, ಮನೆಯವರೇ ಬಿಡಿಸಿಕೊಂಡು ಹೋಗುತ್ತಾರೆ.

ಚಾರ್ಟರ್ ಅಂದರೆ ಸರ್ಕಾರದ ದುಡ್ಡಿನಲ್ಲಿ ನಡೆಯುವ, ಆದರೆ ಬೇರೆ ಸಂಸ್ಥೆ ನಡೆಸುವ ಶಾಲೆ. ಇದಕ್ಕೆ ಮೊದಲು ಕಾನೂನು ತಂದದ್ದು ಮಿನ್ನೆಸೋಟ, 1991ರಲ್ಲಿ. ಅರಿಜೋನಾದಲ್ಲಿ 1994ರಲ್ಲಿ ಬಂತು. ಫೀಸಿಲ್ಲ. ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತಬೇಕು, ಮಾರ್ಕ್ಸ್ ನೋಡಿ ಸೇರಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಜರಡಿ ಹಿಡಿಯುವ ಕೆಲಸ ಬಾಗಿಲಲ್ಲಿ ಆಗದೆ ಒಳಗೆ ಹೋದ ಮೇಲೆ ಆಗುತ್ತದೆ. ಅದನ್ನು ಮಾಡುವುದು ಸಿಲಬಸ್.

ಬೇಸಿಸ್ ಅನ್ನುವ ಚಾರ್ಟರ್ ಶಾಲೆಗಳನ್ನೇ ನೋಡಿ. 1998ರಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಮೈಕೆಲ್ ಮತ್ತು ಓಲ್ಗಾ ಬ್ಲಾಕ್ ದಂಪತಿ ಶುರು ಮಾಡಿದ್ದು. ಶಾಲೆಗಳಿಗೆ ರ‍್ಯಾಂಕ್ ಕೊಡುವ ಯು.ಎಸ್. ನ್ಯೂಸ್ ಸಂಸ್ಥೆಯ 2017ರ ಪಟ್ಟಿಯಲ್ಲಿ ದೇಶದ ಮೊದಲ ಮೂರು ಹೈಸ್ಕೂಲುಗಳೂ ಇವರವೇ. ಅಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮಿಡ್ಲ್ ಸ್ಕೂಲಿನಲ್ಲೇ, ಅಂದರೆ ಹೈಸ್ಕೂಲಿಗೆ ಮುಂಚಿನ ಕ್ಲಾಸುಗಳಲ್ಲೇ, ಬೇರೆ ಬೇರೆ ವಿಷಯಗಳು. ಹೈಸ್ಕೂಲಿನಲ್ಲಿ ಕಾಲೇಜು ಮಟ್ಟದ ಎ.ಪಿ. ಪರೀಕ್ಷೆಗಳು ಕಡ್ಡಾಯ. ಆ ಪಟ್ಟಿಯಲ್ಲಿ ಮೇಲೆ ಬರಬೇಕಾದರೂ ಮುಖ್ಯವಾಗಿ ನೋಡುತ್ತಿದ್ದದ್ದು ಎ.ಪಿ. ಥರದ ಪರೀಕ್ಷೆಗಳನ್ನೇ.

ಈಗ ನಮ್ಮ ಚಿಕ್ಕಮ್ಮನ ಮಗನ ಮನೆ ವಿಷಯ ಹೇಳುತ್ತೇನೆ. ಇರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ಇಂಟೆಲ್ ಇರುವ ಊರು, ನಮ್ಮವರೂ ಇದ್ದಾರೆ. ಅವನ ಮಗಳು ಇಂಥದ್ದೇ ಒಂದು ಶಾಲೆಯಲ್ಲಿದ್ದಳು, ಯಾವುದು ಅನ್ನುವುದು ಬೇಡ. ರಾತ್ರಿ ಹತ್ತೂವರೆಗೆ ಊಟದ ಟೇಬಲ್ಲಿನ ಮೇಲೆ ಒಂದು ಕಡೆ ಮೊಸರನ್ನದ ತಟ್ಟೆ, ಇನ್ನೊಂದು ಕಡೆ ಕೆಮಿಸ್ಟ್ರಿ ನೋಟ್ಸ್. ಅನ್ನ ಒಣಗಿ ತಟ್ಟೆಗೆ ಅಂಟಿಕೊಂಡಿತ್ತು, ಹುಡುಗಿ ಇನ್ನೂ ಬರೆಯುತ್ತಲೇ ಇದ್ದಳು. ಫೇಲೇನೂ ಆಗಿರಲಿಲ್ಲ, ಬಿ ಗ್ರೇಡ್ ಬರುತ್ತಿತ್ತು. ಕ್ಲಾರಿನೆಟ್ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬಂದು ತಿಂಗಳುಗಳಾಗಿದ್ದವು. ಎಂಟನೇ ಕ್ಲಾಸು ಮುಗಿದದ್ದೇ, "ನಾನು ಇಲ್ಲೇ ಪಕ್ಕದ ಹೈಸ್ಕೂಲಿಗೆ ಹೋಗ್ತೀನಪ್ಪ" ಅಂದಳು. ಅಲ್ಲಿ ಮಾರ್ಚಿಂಗ್ ಬ್ಯಾಂಡ್ ಇದೆ, ದೊಡ್ಡ ಆಟದ ಮೈದಾನ ಇದೆ, ಅದೇ ಎ.ಪಿ. ಕ್ಲಾಸುಗಳೂ ಇವೆ, ಬೇಕಾದಷ್ಟೇ ಆರಿಸಿಕೊಂಡರಾಯಿತು. ಜೊತೆಗೆ ಅಷ್ಟೇ ಓದಿದರೆ ಅಲ್ಲಿ ಎ ಗ್ರೇಡ್ ಬರುತ್ತದೆ, ಕಾಲೇಜಿಗೆ ಅರ್ಜಿ ಹಾಕುವಾಗ ಚೆಂದ ಕಾಣುತ್ತದೆ ಅನ್ನುವುದು ಅಪ್ಪನ ಲೆಕ್ಕ. ಅವನಿಗೆ ಯಾವಾಗಲೂ ಲೆಕ್ಕವೇ!

ಒಂಬತ್ತನೇ ಕ್ಲಾಸಿಗೆ ಅಮೆರಿಕದಲ್ಲಿ ಹೇಗೂ ಶಾಲೆ ಬದಲಾಗುವ ಹೊತ್ತು. ಬಿಟ್ಟರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಕೆಲವು ಶಾಲೆಗಳಿಗೆ ಬಸ್ಸೂ ಇಲ್ಲ, ದಿನಾ ಎರಡು ಸಲ ಕಾರಿನಲ್ಲಿ ಹೋಗಿ ಬರಬೇಕು. ಎರಡನೇ ಮಗು ಬೇರೆ ಶಾಲೆಗೆ ಸೇರಿದರೆ ಅದೂ ಒಂದು ಕಾರಣವೇ.

ಆದರೆ ಎಲ್ಲರೂ ಹೀಗೆ ಖುಷಿಯಾಗಿಯೇ ಬಿಡುತ್ತಾರೆ ಅಂತಲ್ಲ. ನ್ಯೂಯಾರ್ಕಿನಲ್ಲಿ ಹಲವು ಚಾರ್ಟರ್ ಶಾಲೆ ನಡೆಸುವ ಸಕ್ಸೆಸ್ ಅಕಾಡೆಮಿ ಗೊತ್ತಿರಬಹುದು. 2015ರಲ್ಲಿ ಅದರ ಬ್ರೂಕ್ಲಿನ್ ಶಾಲೆಯೊಂದರಲ್ಲಿ 'ಹೋಗಲೇಬೇಕಾದವರು' ಅಂತ ಮಕ್ಕಳ ಹೆಸರಿನ ಪಟ್ಟಿಯೇ ಇತ್ತು ಅನ್ನುವುದು ಪತ್ರಿಕೆಯಲ್ಲಿ ಬಂತು. ಅದು ತಪ್ಪು ಅಂತ ಸಂಸ್ಥೆಯೂ ಒಪ್ಪಿಕೊಂಡಿತು. 2006ರಲ್ಲಿ ಸಕ್ಸೆಸ್ ಅಕಾಡೆಮಿಯಲ್ಲಿ ಒಂದನೇ ಕ್ಲಾಸಿಗೆ ಸೇರಿದ್ದವರು 73 ಮಕ್ಕಳು. 2018ರಲ್ಲಿ ಹೈಸ್ಕೂಲು ಮುಗಿಸಿ ಹೊರಬಂದ ಮೊದಲ ಬ್ಯಾಚಿನಲ್ಲಿದ್ದವರು 16. ಮೇಲಿನ ಕ್ಲಾಸುಗಳಲ್ಲಿ ಖಾಲಿಯಾದ ಸೀಟಿಗೆ ಹೊಸಬರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಉಳಿದವರ ಸರಾಸರಿ ಸುಮ್ನೆ ಏರುತ್ತದೆ, ಅಲ್ವಾ? ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೆ ನೂರಕ್ಕೆ ನೂರು ಫಲಿತಾಂಶ ಅಂತ ಗೇಟಿಗೆ ಬ್ಯಾನರ್ ಕಟ್ಟುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಚಾರ್ಟರ್ ಅಂದರೆ ಮಕ್ಕಳು ನಿಲ್ಲುವುದೇ ಇಲ್ಲ ಅಂದುಕೊಳ್ಳಬೇಡಿ. ನ್ಯೂಯಾರ್ಕ್ ನಗರದ ಬಜೆಟ್ ಕಚೇರಿ 2014ರಲ್ಲಿ ಲೆಕ್ಕ ಹಾಕಿದಾಗ, ಚಾರ್ಟರ್‌ಗಳಲ್ಲಿ ಕಿಂಡರ್‌ಗಾರ್ಟನ್ ಸೇರಿದ ಮಕ್ಕಳಲ್ಲಿ ಮೂರು ವರ್ಷದ ನಂತರವೂ ಸುಮಾರು ಶೇ. 70ರಷ್ಟು ಅಲ್ಲೇ ಇದ್ದರು. ಪಕ್ಕದ ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ ಶೇ. 61. ಅಂದರೆ ಬಿಡುವುದು ಎಲ್ಲ ಕಡೆಯೂ ಇದೆ. ಬಿಟ್ಟವರ ಜಾಗ ತುಂಬುತ್ತಾರಾ ಇಲ್ವಾ ಅನ್ನುವುದನ್ನು ನೋಡಬೇಕು.

ಅಕ್ಕನಿಗೆ ಹೇಳಿ, ಶಾಲೆ ನೋಡಲು ಹೋದಾಗ ರ‍್ಯಾಂಕ್ ಕೇಳುವುದು ಬೇಡ. ಈಗ ಹನ್ನೆರಡನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದಾರೆ, ಅದೇ ಬ್ಯಾಚು ಆರನೇ ಕ್ಲಾಸಿನಲ್ಲಿದ್ದಾಗ ಎಷ್ಟಿದ್ದರು, ಇಷ್ಟು ಕೇಳಲಿ. ಆಮೇಲೆ ಬಿಟ್ಟು ಹೋದ ಒಂದಿಬ್ಬರ ಮನೆಗೂ ಫೋನ್ ಮಾಡಲಿ.