ಲಾಕ್‌ಡೌನ್‌ನಲ್ಲಿ ವಾಕಿಂಗ್ ಹೋಗಬಹುದಿತ್ತಾ? ಕೊಡಗಲ್ಲಿ ಇನ್ನೂ ಮುಗಿಯದ ಜಗಳದ ಹಿನ್ನೆಲೆ

ಕೋವಿಡ್ ಮುಗಿದು ಇಷ್ಟು ವರ್ಷ ಆದ್ರೂ ಮಡಿಕೇರಿ ಕಡೆ ನಾಲ್ಕು ಜನ ಸೇರಿದ ಕಡೆ ಒಂದು ಮಾತು ಎದ್ದರೆ ಈಗಲೂ ದನಿ ಏರುತ್ತೆ, ಲಾಕ್‌ಡೌನ್ ಟೈಮಲ್ಲಿ ಬೆಳಿಗ್ಗೆ ಒಬ್ಬರೇ ರೋಡಲ್ಲಿ ನಡೆಯೋದು ತಪ್ಪಾಗಿತ್ತಾ ಇಲ್ವಾ ಅನ್ನೋ ಮಾತು. "ಪೊಲೀಸ್ರು ತಡೆದಿದ್ದೇ ಸರಿ, ಇಲ್ಲಾಂದ್ರೆ ಊರಿಗೆ ಊರೇ ವಾಕಿಂಗ್ ನೆಪ ಹೇಳ್ಕೊಂಡು ತಿರುಗ್ತಿತ್ತು" ಅಂತ ಒಬ್ಬರು. "ಶುಗರ್ ಇರೋರು ಎರಡು ತಿಂಗಳು ಒಳಗೇ ಕೂತ್ರೆ ಏನಾಗುತ್ತೆ ಅಂತ ಯಾರಾದ್ರೂ ಕೇಳಿದ್ರಾ" ಅಂತ ಇನ್ನೊಬ್ಬರು. ಇದರಲ್ಲಿ ಒಬ್ಬರು 2020ರ ಏಪ್ರಿಲ್ ಬಗ್ಗೆ ಹೇಳ್ತಿರ್ತಾರೆ, ಇನ್ನೊಬ್ಬರು 2021ರ ಜೂನ್ ಬಗ್ಗೆ. ಆದೇಶ ಅಷ್ಟು ಸಲ ಬದಲಾಗಿದೆ, ಯಾವಾಗ ಯಾವ ರೂಲ್ಸ್ ಇತ್ತು ಅಂತ ಯಾರಿಗೂ ಸರಿಯಾಗಿ ನೆನಪಿಲ್ಲ, ಅದಕ್ಕೇ ಮೊದಲಿಂದ ಒಂದ್ಸಲ ಜೋಡಿಸಿ ಇಡೋಣ ಅನ್ನಿಸ್ತು.

ಹಳೇ ಕಥೆ ಬೇಗ ಹೇಳಿ ಮುಗಿಸ್ತೀನಿ. ಬಾಂಬೆಯಲ್ಲಿ ಪ್ಲೇಗ್ ಬಂದಾಗ ಬ್ರಿಟಿಷರು ತರಾತುರಿಯಲ್ಲಿ ತಂದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ, ಆಮೇಲೆ 2005ರ ವಿಪತ್ತು ನಿರ್ವಹಣಾ ಕಾಯ್ದೆ, ಜೊತೆಗೆ ನಿಷೇಧಾಜ್ಞೆಯ ಸೆಕ್ಷನ್ 144, ಈ ಮೂರೇ ಕೋವಿಡ್ ಕಾಲದ ಎಲ್ಲಾ ಆದೇಶಗಳ ತಳಪಾಯ. ಆ ಪ್ಲೇಗ್ ಕಾಲದಲ್ಲಿ ಹಳೇ ಮೈಸೂರು ಕಡೆ ಜನ ಮಾಡಿದ್ದು ಈಗ ಮಾಡಿದ್ದಕ್ಕೆ ಪೂರಾ ಉಲ್ಟಾ, ಮನೆ ಬಿಟ್ಟು ಊರಾಚೆ ಬಯಲಲ್ಲಿ ಗುಡಿಸಲು ಹಾಕ್ಕೊಂಡು ಇರ್ತಿದ್ರು. ಕ್ಷಯಕ್ಕೂ ಆಗ ಡಾಕ್ಟ್ರುಗಳು ಗಾಳಿ ಬೆಳಕು ಇರೋ ಕಡೆ ಇರಿ ಅಂತಾನೇ ಹೇಳ್ತಿದ್ದಿದ್ದು. ರೋಗ ಬಂದಾಗ ಬಯಲಿಗೆ ಹೋಗೋದು ನಮ್ಮ ಕಡೆ ಹೊಸದೇನಲ್ಲ. ಹೊರಗೆ ಕಾಲಿಡೋದೇ ಅಪಾಯ ಅನ್ನೋ ತಿಳುವಳಿಕೆ ಹೊಸದು.

ಈಗ 2020. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, ಅದೇ ದಿನ ರಾಜ್ಯ ಸರ್ಕಾರ ಕೇಸ್ ಬಂದಿದ್ದ ಒಂಬತ್ತು ಜಿಲ್ಲೆಗಳನ್ನ ತಿಂಗಳ ಕೊನೆವರೆಗೆ ಬಂದ್ ಮಾಡ್ತು, ಅದರಲ್ಲಿ ಕೊಡಗೂ ಒಂದು. ಮಾರ್ಚ್ 25ರಿಂದ ದೇಶಕ್ಕೆಲ್ಲಾ 21 ದಿನದ ಲಾಕ್‌ಡೌನ್. ಕೇಂದ್ರದ ಆ ಆದೇಶದಲ್ಲಿ ರೇಷನ್, ಹಾಲು, ಮೆಡಿಕಲ್, ಬ್ಯಾಂಕು, ಪೆಟ್ರೋಲ್ ಬಂಕು ಅಂತ ವಿನಾಯ್ತಿಗಳ ಪಟ್ಟಿ ಇತ್ತು, ವ್ಯಾಯಾಮದ ಬಗ್ಗೆ ಮಾತ್ರ ಒಂದಕ್ಷರ ಇರ್ಲಿಲ್ಲ. ವಾಕಿಂಗ್ ಮಾಡಬಾರದು ಅಂತಲೂ ಇಲ್ಲ, ಮಾಡಬಹುದು ಅಂತಲೂ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದೆಲ್ಲಾ ನಿಷೇಧ ಅಂತ ಪೊಲೀಸ್ರು ಓದ್ಕೊಂಡ್ರು, ಬರೆದು ಬೇಡ ಅನ್ನದೇ ಇದ್ದಿದ್ದಕ್ಕೆ ತಡೆ ಯಾಕೆ ಅಂತ ಜನ ಓದ್ಕೊಂಡ್ರು, ಇಡೀ ಜಗಳ ಹುಟ್ಟಿದ್ದೇ ಇಲ್ಲಿಂದ.

ಬೇರೆ ದೇಶಗಳಲ್ಲಿ ಇದನ್ನ ಬಾಯಿಬಿಟ್ಟೇ ಹೇಳಿದ್ರು. ಇಂಗ್ಲೆಂಡಲ್ಲಿ ಮನೆಯಿಂದ ಹೊರಗೆ ಬರೋಕೆ ಒಪ್ಪೋ ಕಾರಣಗಳಲ್ಲಿ ವ್ಯಾಯಾಮವೂ ಒಂದು, ದಿನಕ್ಕೊಂದು ಸಲ. ಫ್ರಾನ್ಸಲ್ಲಿ ಒಂದು ಗಂಟೆ, ಮನೆಯಿಂದ ಒಂದು ಕಿಲೋಮೀಟರ್ ಒಳಗೆ, ಕೈಯಲ್ಲಿ ನಾವೇ ಬರ್ದುಕೊಂಡ ಚೀಟಿ ಇರಬೇಕು. ಸ್ಪೇನಲ್ಲಿ ಮಾತ್ರ ನಮ್ಮ ಹಾಗೇ ಪೂರ್ತಿ ಬಂದ್, ಮಕ್ಕಳನ್ನ ಹೊರಗೆ ಬಿಟ್ಟಿದ್ದು ಏಪ್ರಿಲ್ 26ಕ್ಕೆ, ದೊಡ್ಡವರಿಗೆ ವಾಕಿಂಗ್ ರನ್ನಿಂಗಿಗೆ ಬಿಟ್ಟಿದ್ದು ಮೇ 2ಕ್ಕೆ. ಹಾಗಂತ ಬರೆದಿಟ್ಟ ಕಡೆ ಜಗಳ ಆಗ್ಲಿಲ್ಲ ಅಂತಲ್ಲ. ಇಂಗ್ಲೆಂಡಿನ ಡರ್ಬಿಶೈರಲ್ಲಿ ಗುಡ್ಡದ ಮೇಲೆ ನಡೀತಿದ್ದವರನ್ನ ಪೊಲೀಸ್ರು ಡ್ರೋನಲ್ಲಿ ವಿಡಿಯೋ ಮಾಡಿ ಹಾಕಿದ್ದು ದೊಡ್ಡ ಗಲಾಟೆ ಆಯ್ತು, 2021ರ ಜನವರಿಯಲ್ಲಿ ಅಲ್ಲೇ ಐದು ಮೈಲಿ ಕಾರಲ್ಲಿ ಹೋಗಿ ವಾಕ್ ಮಾಡಿದ ಇಬ್ಬರು ಹೆಂಗಸರಿಗೆ ಹಾಕಿದ್ದ ದಂಡ ವಾಪಸ್ ತಗೋಬೇಕಾಯ್ತು. ನಮ್ಮ ಪಕ್ಕದ ಕೇರಳದಲ್ಲೂ ಹಾಗೇ, 2020ರ ಏಪ್ರಿಲ್ ಮೊದಲ ವಾರ ಕೊಚ್ಚಿಯ ಪನಂಪಿಳ್ಳಿ ನಗರದಲ್ಲಿ ಡ್ರೋನ್ ಬಿಟ್ಟು ಬೆಳಗಿನ ವಾಕಿಂಗಿಗೆ ಬಂದಿದ್ದ 40ಕ್ಕೂ ಹೆಚ್ಚು ಜನರ ಮೇಲೆ ಕೇಸ್ ಹಾಕಿದ್ರು.

ಕೊಡಗಲ್ಲಿ ಏನಾಯ್ತು ಅನ್ನೋದನ್ನ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು, ಯಾಕಂದ್ರೆ ಇಲ್ಲಿ "ಮನೆಯೊಳಗೆ ಇರಿ" ಅನ್ನೋ ಮಾತು ಎಲ್ಲರಿಗೂ ಒಂದೇ ಥರ ತಟ್ಟಲಿಲ್ಲ. ತೋಟದ ಮಧ್ಯೆ ಮನೆ ಇರೋರಿಗೆ ಮನೆ ಅಂದ್ರೆ ಗೇಟಿನವರೆಗೂ ಮನೆನೇ. ಹತ್ತು ಎಕರೆ ಕಾಫಿ ಇದ್ರೆ ಬೆಳಿಗ್ಗೆ ಎದ್ದು ಒಂದು ಸುತ್ತು ಹೊಡೆದು ಬಂದ್ರೂ ಗೇಟಾಚೆ ಕಾಲಿಟ್ಟ ಹಾಗಾಗಲ್ಲ, ಯಾರೂ ಕೇಳೋರಿಲ್ಲ. ಆ ಏಪ್ರಿಲಲ್ಲಿ ಎಷ್ಟೋ ಮನೆಗಳಲ್ಲಿ ಕಾಫಿ ಕಣವೇ ವಾಕಿಂಗ್ ಟ್ರ್ಯಾಕ್ ಆಗಿತ್ತು. ಕಾಫಿ ಒಣಗಿಸಿ ಮುಗಿದಿದೆ, ಆದ್ರೆ ಕಾಳುಮೆಣಸು ಹರಡಿರುತ್ತೆ, ಹಾಗಾಗಿ ವಯಸ್ಸಾದೋರು ಕಣದ ಅಂಚಲ್ಲೇ, ಮೆಣಸು ತುಳಿಯದ ಹಾಗೆ, ಒಂದು ಕೈಯಲ್ಲಿ ಕೋಲು ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡ್ಕೊಂಡು ಸುತ್ತು ಹಾಕ್ತಿದ್ದಿದ್ದು ನಾನೇ ನೋಡಿದ್ದೀನಿ, ನಡುನಡುವೆ ನಿಂತು ಕಾಲಲ್ಲೇ ಮೆಣಸು ಮಗುಚಿ ಮತ್ತೆ ನಡೆಯೋರು.

ಅದೇ ಮಡಿಕೇರಿ ಪೇಟೆಯಲ್ಲಿ, ಮಹದೇವಪೇಟೆ ಕಡೆ ಒತ್ತೊತ್ತಾಗಿರೋ ಬಾಡಿಗೆ ಮನೆಗಳಲ್ಲಿ, ಕುಶಾಲನಗರದ ಲೇಔಟ್‌ಗಳಲ್ಲಿ ಇರೋರಿಗೆ ಕಣ ಎಲ್ಲಿಂದ ಬರ್ಬೇಕು. ಇದ್ದೋರಿಗೆ ತಾರಸಿ, ಇಲ್ಲದೋರಿಗೆ ಎರಡು ರೂಮು. ಇವರು ಬೆಳಿಗ್ಗೆ ರಾಜಾಸೀಟ್ ರೋಡು ಹಿಡಿದ್ರೆ, ಮ್ಯಾನ್ಸ್ ಕಾಂಪೌಂಡ್ ಮೈದಾನದ ಸುತ್ತ ನಡೆದ್ರೆ ಅದು ಉಲ್ಲಂಘನೆ. ಒಂದೇ ಊರು, ಒಂದೇ ಗಾಳಿ, ಒಬ್ಬರೇ ನಡೀತಿರೋದು, ಆದ್ರೂ ಒಬ್ಬರದ್ದು ಆರೋಗ್ಯ ಕಾಳಜಿ ಇನ್ನೊಬ್ಬರದ್ದು ಅಪರಾಧ. ನನ್ನ ಪ್ರಕಾರ ಕೊಡಗಿನ ವಾಕಿಂಗ್ ಜಗಳದ ತಿರುಳು ಇದೇ, ರೋಗದ ಜೊತೆಗೆ ಜಾಗದ ಪ್ರಶ್ನೆನೂ ಅದರೊಳಗೆ ಸೇರಿತ್ತು. ವಾಕಿಂಗ್ ಯಾಕೆ ಬೇಕು, ಎರಡು ತಿಂಗಳು ಸುಮ್ನಿರೋಕಾಗಲ್ವಾ ಅಂತ ಜೋರಾಗಿ ಹೇಳ್ತಿದ್ದೋರಲ್ಲಿ ಸ್ವಂತ ತೋಟ ಇದ್ದೋರೇ ಜಾಸ್ತಿ ಅಂತ ನನಗೆ ಆಗಲೇ ಅನ್ನಿಸ್ತಿತ್ತು. ತೋಟದ ಕೆಲಸದೋರು ಇರೋ ಲೈನ್ ಮನೆಗಳ ಪಾಡು ಇನ್ನೊಂದು ಥರ. ಏಪ್ರಿಲ್ 20ರಿಂದ ಕಾಫಿ, ಟೀ, ರಬ್ಬರ್ ತೋಟಗಳಲ್ಲಿ ಅರ್ಧದಷ್ಟು ಕೆಲಸದೋರನ್ನ ಇಟ್ಕೊಂಡು ಕೆಲಸ ಮಾಡಿಸಬಹುದು ಅಂತ ಕೇಂದ್ರದ ಮಾರ್ಗಸೂಚಿ ಬಂತು, ಅಂದ್ರೆ ಅದೇ ಜನ ಹಗಲು ತೋಟದಲ್ಲಿ ಒಟ್ಟಿಗೆ ಕೆಲಸ ಮಾಡಬಹುದು, ಸಂಜೆ ಅವರ ಮಕ್ಕಳು ರೋಡಿಗೆ ಬಂದು ಚೆಂಡು ಹೊಡೆದ್ರೆ ಮಾತ್ರ ಬೈಗುಳ.

ತಡೆದೋರ ಕಡೆಯ ಭಯನೂ ಸುಳ್ಳಲ್ಲ, ಅದನ್ನ ಹೇಳದೆ ಹೋದ್ರೆ ಅನ್ಯಾಯ ಆಗುತ್ತೆ. ನಮ್ಮದು ಹೋಂಸ್ಟೇಗಳ ಜಿಲ್ಲೆ. ಬೆಂಗಳೂರಿಂದ ಬಂದು ಉಳಿದುಬಿಟ್ಟೋರು, ಹೊರದೇಶದಿಂದ ಊರಿಗೆ ಬಂದೋರು, ಹೋಂ ಕ್ವಾರಂಟೈನಲ್ಲಿ ಇರಬೇಕಾಗಿದ್ದೋರು, ಇವರಲ್ಲಿ ಯಾರು ಯಾರು ಅಂತ ರೋಡಲ್ಲಿ ನೋಡಿ ಹೇಳೋದು ಹೇಗೆ. ಊರಿನ ರೋಡಲ್ಲಿ ಗುರುತಿಲ್ಲದವರು ಶೂ ಹಾಕ್ಕೊಂಡು ಜಾಗಿಂಗ್ ಮಾಡಿದ್ರೆ ಫೋಟೋ ತೆಗೆದು ಊರ ವಾಟ್ಸಾಪ್ ಗ್ರೂಪಿಗೆ ಹಾಕೋರು, ಅಲ್ಲಿಂದ ಪೊಲೀಸ್ ಸ್ಟೇಷನ್ನಿಗೆ ಫೋನ್ ಹೋಗೋದು. ಮಾಕುಟ್ಟದಲ್ಲಿ ಕೇರಳದ ರೋಡಿಗೆ ಮಣ್ಣು ಸುರಿದು ಮುಚ್ಚಿದ ದಿನಗಳವು, ಒಳಗೆ ಬಂದೋರ ಮೇಲೆಲ್ಲಾ ಅನುಮಾನ ಇತ್ತು. ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ವ್ಯವಸ್ಥೆ ಕಮ್ಮಿ, ಸೀರಿಯಸ್ ಆದ್ರೆ ಮೈಸೂರಿಗೋ ಮಂಗಳೂರಿಗೋ ಓಡ್ಬೇಕು, ಹಾಗಾಗಿ ಒಂದು ಕೇಸೂ ಬೇಡ ಅನ್ನೋ ಹಟ ಅರ್ಥ ಆಗೋ ಅಂಥದ್ದೇ. ಆದ್ರೆ ಆ ಹಟದಲ್ಲಿ ಹೊರಗಿಂದ ಬಂದೋರನ್ನ ಗುರುತಿಸೋ ಕೆಲಸ ಮತ್ತು ದಿನಾ ನಡೆಯೋರನ್ನ ತಡೆಯೋ ಕೆಲಸ ಎರಡೂ ಒಂದೇ ಆಗೋಯ್ತು. ಚೆಕ್‌ಪೋಸ್ಟಲ್ಲಿ ನಿಂತ ಕಾನ್‌ಸ್ಟೇಬಲ್‌ಗೆ ಬಿಸಿಲಲ್ಲಿ ಮಳೆಯಲ್ಲಿ ದಿನವಿಡೀ ಡ್ಯೂಟಿ, ಮೇಲಿಂದ ಬಂದಿದ್ದು ಯಾರನ್ನೂ ಬಿಡ್ಬೇಡಿ ಅನ್ನೋದೊಂದೇ ಮಾತು, ಅವರು ತಾನೇ ಏನು ಮಾಡಿಯಾರು. ಹೊರಗೆ ಸಿಕ್ಕೋರಿಗೆ ಬಸ್ಕಿ ಹೊಡೆಸಿದ ವಿಡಿಯೋಗಳು ಆಗ ರಾಜ್ಯದ ಎಲ್ಲಾ ಕಡೆಯಿಂದ ಬರ್ತಿದ್ವು, ಅದನ್ನ ನೋಡಿ ನಕ್ಕೋರಿದ್ರು, ಮನೆಯ ಹಿರಿಯರಿಗೆ ಹೀಗೆ ಮಾಡಿದ್ರೆ ಅಂತ ಹೆದರಿ ಅಪ್ಪ ಅಮ್ಮನ ವಾಕಿಂಗ್ ನಿಲ್ಲಿಸಿದೋರೂ ಇದ್ರು.

ವಿಜ್ಞಾನ ಏನು ಹೇಳ್ತಿತ್ತು ಅನ್ನೋದೂ ಆಗ ಗೋಜಲಾಗಿತ್ತು. ಮಾರ್ಚ್ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಈ ರೋಗ ಗಾಳಿಯಿಂದ ಹರಡಲ್ಲ ಅಂತ ಹೇಳ್ತು. ಏಪ್ರಿಲಲ್ಲಿ ಬೆಲ್ಜಿಯಂ ನೆದರ್‌ಲ್ಯಾಂಡ್ಸ್ ಕಡೆಯ ಇಂಜಿನಿಯರ್‌ಗಳು ಮಾಡಿದ ಒಂದು ಕಂಪ್ಯೂಟರ್ ಸಿಮ್ಯುಲೇಶನ್, ಓಡೋರ ಹಿಂದೆ ಹನಿಗಳು ತೇಲ್ಕೊಂಡು ಬರೋ ಚಿತ್ರ, ಬೇರೆ ವಿಜ್ಞಾನಿಗಳು ಪರಿಶೀಲಿಸೋ ಮೊದಲೇ ಲೋಕವೆಲ್ಲಾ ಸುತ್ತಿತು. ಜುಲೈನಲ್ಲಿ 239 ವಿಜ್ಞಾನಿಗಳು ಪತ್ರ ಬರೆದು ಗಾಳಿಯಲ್ಲಿ ತೇಲೋ ಸೂಕ್ಷ್ಮ ಕಣಗಳಿಂದಲೂ ಹರಡುತ್ತೆ, ಮುಚ್ಚಿದ ಜಾಗದ ಬಗ್ಗೆ ಎಚ್ಚರ ಅಂದ್ರು, ವಿಶ್ವ ಆರೋಗ್ಯ ಸಂಸ್ಥೆ ತನ್ನ ವೆಬ್‌ಸೈಟಲ್ಲಿ ಅದನ್ನ ಸ್ಪಷ್ಟವಾಗಿ ಬರೆದಿದ್ದು 2021ರ ಏಪ್ರಿಲ್ ಕೊನೆಗೆ. ಗಾಳಿಯಲ್ಲಿ ಹರಡುತ್ತೆ ಅಂದ ತಕ್ಷಣ ಎಷ್ಟೋ ಜನ ಹಾಗಿದ್ರೆ ಹೊರಗೆ ಹೋಗ್ಲೇಬಾರದು ಅಂತ ತಿಳ್ಕೊಂಡ್ರು, ವಿಷಯ ಇರೋದು ಉಲ್ಟಾ. ಬಯಲಲ್ಲಿ ಕಣಗಳು ಚದುರಿಹೋಗುತ್ತೆ, ಕಿಟಕಿ ಮುಚ್ಚಿದ ರೂಮಲ್ಲಿ ಅಲ್ಲೇ ಉಳಿಯುತ್ತೆ. ನಮ್ಮಲ್ಲಿ ನಿಜವಾಗ್ಲೂ ಅಪಾಯ ಇದ್ದಿದ್ದು ಅಂಗಡಿ ತೆಗೆಯೋ ಆ ಕೆಲವೇ ಗಂಟೆಗಳಲ್ಲಿ, ವಾರದ ಸಾಮಾನೆಲ್ಲಾ ಒಂದೇ ಬೆಳಿಗ್ಗೆ ತಗೋಬೇಕು ಅಂತ ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆ ಅಂಗಡಿಗಳ ಮುಂದೆ ಮೈಗೆ ಮೈ ತಾಗಿಸಿ ನಿಲ್ತಿದ್ದ ಸಾಲಲ್ಲಿ. ಅದು ಕಾನೂನು ಪ್ರಕಾರ ಸರಿ, ಒಬ್ಬಂಟಿ ವಾಕಿಂಗ್ ತಪ್ಪು.

ಮೇ ಬಂತು, ಕೊಡಗು ಗ್ರೀನ್ ಝೋನ್, ಅಂದ್ರೆ ಹೊಸ ಕೇಸ್ ಇಲ್ಲದ ಜಿಲ್ಲೆಗಳ ಪಟ್ಟಿಗೆ ಸೇರ್ತು, ಬಿಗಿ ಸಡಿಲ ಆಯ್ತು. ಆದ್ರೆ ಮೇ 4ರ ನಂತರದ ಕೇಂದ್ರದ ರೂಲ್ಸಲ್ಲಿ ಸಂಜೆ 7ರಿಂದ ಬೆಳಿಗ್ಗೆ 7ರವರೆಗೆ ಅಗತ್ಯ ಇಲ್ಲದ ಓಡಾಟ ಬೇಡ, 65 ದಾಟಿದೋರು ಮತ್ತು 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಿ ಅಂತ ಇತ್ತು, ಅಂದ್ರೆ ವಾಕಿಂಗ್ ಯಾರಿಗೆ ಅತಿ ಹೆಚ್ಚು ಬೇಕೋ ಅವರೇ ಹೊರಗುಳಿದ್ರು. ಮೇ 19ರಿಂದ ರಾಜ್ಯದಲ್ಲಿ ಪಾರ್ಕುಗಳು ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7 ತೆರೆದ್ವು. ಆಗಸ್ಟ್ 5ಕ್ಕೆ ಜಿಮ್ ತೆರೆಯೋಕೆ ಬಿಟ್ರು.

ಆಟದ ಹುಡುಗರ ಕಥೆಯನ್ನ ಯಾರೂ ಅಷ್ಟಾಗಿ ಹೇಳಲ್ಲ. ಹಾಕಿ ಅಂದ್ರೆ ಕೊಡಗು ಅನ್ನೋ ಜಿಲ್ಲೆ ಇದು, 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಪ್ರವಾಹ, ಭೂಕುಸಿತ, ಕೋವಿಡ್ ಅಂತ ನಿಂತುಹೋಗಿ ಮತ್ತೆ ನಾಪೋಕ್ಲಲ್ಲಿ ನಡೆದಿದ್ದು 2023ಕ್ಕೆ. ಹಾಸ್ಟೆಲ್ ಮುಚ್ಚಿ ಮನೆಗೆ ಕಳಿಸಿದ ಮಕ್ಕಳು ಅಂಗಳದಲ್ಲಿ ಸ್ಟಿಕ್ ಹಿಡಿದು ಗೋಡೆಗೆ ಚೆಂಡು ಹೊಡೀತಾ ಇದ್ರು, ಓಡೋಕೆ ಜಾಗ ಇಲ್ಲ. ಅದೇ ಟೈಮಲ್ಲಿ ದೇಶದ ಹಾಕಿ ತಂಡಗಳ ಆಟಗಾರರು ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕ್ಯಾಂಪಸ್ ಒಳಗೇ ಉಳಿದಿದ್ರು, ಕ್ಯಾಂಪಸ್ ಅವರಿಗೆ ಮನೆ ಆಗಿದ್ರಿಂದ ಒಳಗೆ ಕಾಲಾಡಿಸೋಕಾದ್ರೂ ಜಾಗ ಇತ್ತು. ಮತ್ತದೇ ಗೇಟಿನ ಒಳಗೆ ಹೊರಗೆ ಅನ್ನೋ ಲೆಕ್ಕ.

2021ರ ಎರಡನೇ ಅಲೆಯಲ್ಲಿ ವಿಷಯ ಇನ್ನೂ ಬಿಗಿ ಆಯ್ತು, ಸಾವು ಕಣ್ಣೆದುರೇ ಇತ್ತು, ವಾಕಿಂಗ್ ಬಗ್ಗೆ ಮಾತಾಡೋದೇ ತಪ್ಪು ಅನ್ನೋ ವಾತಾವರಣ. ಏಪ್ರಿಲ್ 27ರಿಂದ ಕರ್ಫ್ಯೂ, ಮೇ 10ರಿಂದ ಪೂರ್ತಿ ಲಾಕ್‌ಡೌನ್, ಸಾಮಾನು ತರೋಕೆ ಬೆಳಿಗ್ಗೆ 6ರಿಂದ 10, ಅದೂ ಗಾಡಿ ತೆಗೀಬಾರದು ನಡ್ಕೊಂಡೇ ಹೋಗ್ಬೇಕು ಅಂತ ಮೊದಲು ಹೇಳಿದ್ರು. ಅಂಗಡಿ ಐದಾರು ಕಿಲೋಮೀಟರ್ ಆಚೆ ಇರೋ ಹಳ್ಳಿಗಳ ಜಿಲ್ಲೆಯಲ್ಲಿ ಇದು ಹೇಗೆ ನಡೆಯುತ್ತೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ, ಆಮೇಲೆ ಸ್ವಲ್ಪ ಸಡಿಲ ಆಯ್ತು. ಇದರಿಂದ ಒಂದು ಅಭ್ಯಾಸ ಬೆಳೀತು, ವಾಕಿಂಗ್ ಹೋಗೋರು ಕೈಯಲ್ಲೊಂದು ಬಟ್ಟೆ ಚೀಲ ಮಡಚಿ ಹಿಡ್ಕೊಳ್ತಿದ್ರು. ಚೀಲ ಇದ್ರೆ ಸಾಮಾನಿಗೆ, ಇಲ್ಲದಿದ್ರೆ ಸುಮ್ನೆ ತಿರುಗಾಟ. ಸತ್ಯ ಹೇಳಿ ನಡೆಯೋಕೆ ದಾರಿ ಇಲ್ಲದಿದ್ದಾಗ ಮರ್ಯಾದಸ್ಥ ಜನರೂ ಸುಳ್ಳು ಹೇಳೋದು ಕಲಿತ್ರು, ಇದು ನನಗೆ ಈಗಲೂ ಬೇಜಾರಿನ ವಿಷಯ.

ಜೂನ್ 14ರಿಂದ ರಾಜ್ಯದ ಆದೇಶದಲ್ಲೇ ವಾಕಿಂಗ್, ಜಾಗಿಂಗ್ ಅನ್ನೋ ಪದ ಸೇರಿಸಿ, ಬೆಳಿಗ್ಗೆ 5ರಿಂದ 10ರವರೆಗೆ ಪಾರ್ಕ್ ತೆರೆಯಬಹುದು, ಗುಂಪು ಬೇಡ ಅಂತ ಬರೆದ್ರು. ನಮಗೆ ಬೇಕಾಗಿದ್ದು ಹೆಚ್ಚೂಕಮ್ಮಿ ಇಂಥದ್ದೇ ಒಂದು ಸಾಲು, ಆದ್ರೆ ಪಾಸಿಟಿವಿಟಿ ರೇಟು (ಟೆಸ್ಟ್ ಮಾಡಿದ ನೂರರಲ್ಲಿ ಎಷ್ಟು ಪಾಸಿಟಿವ್ ಅನ್ನೋ ಲೆಕ್ಕ) ಜಾಸ್ತಿ ಇದ್ದ 11 ಜಿಲ್ಲೆಗಳಿಗೆ ಅದು ಸಿಗಲಿಲ್ಲ, ಅದರಲ್ಲಿ ಕೊಡಗೂ ಇತ್ತು. ಜುಲೈ 5ಕ್ಕೆ ರಾಜ್ಯವೆಲ್ಲಾ ತೆರೆದಾಗಲೂ ಕೊಡಗಿಗೆ ಮಾತ್ರ ನಿರ್ಬಂಧ ಮುಂದುವರೀತು. ಇನ್ನೊಂದು, ಬೆಳಿಗ್ಗೆ 5 ಗಂಟೆ ಅನ್ನೋದು ಬೆಂಗಳೂರಿನ ಪಾರ್ಕಿಗೆ ಸರಿ, ಸಿದ್ದಾಪುರ, ಮಾಲ್ದಾರೆ ಕಡೆ ಆ ಹೊತ್ತಿಗೆ ರೋಡಲ್ಲಿ ಆನೆ ಇರುತ್ತೆ. ಅಲ್ಲಿಯವರು ಬೆಳಕು ಚೆನ್ನಾಗಿ ಹರಿದ ಮೇಲೇ ಮನೆ ಬಿಡೋದು. ಟೈಮ್ ನಿಗದಿ ಮಾಡೋದಾದ್ರೆ ಇಲ್ಲಿಯವರನ್ನೇ ಕೇಳಿ ಮಾಡ್ಬೇಕಿತ್ತು.

ಆಮೇಲೆ ಎಲ್ಲಾ ತಾನಾಗೇ ಕರಗಿಹೋಯ್ತು, ವಿಪತ್ತು ಕಾಯ್ದೆ ಅಡಿಯ ಕೇಂದ್ರದ ಆದೇಶಗಳು 2022ರ ಮಾರ್ಚ್ 31ಕ್ಕೆ ಮುಗಿದ್ವು. 2020ರಲ್ಲಿ ರಾಜ್ಯ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡ್ಕೊಂಡಿದೆ, ನಿರ್ಬಂಧ ಹಾಕೋ ಅಧಿಕಾರ, ದಂಡ, ಶಿಕ್ಷೆ ಎಲ್ಲಾ ಅದರಲ್ಲಿದೆ. ಒಬ್ಬರೇ, ಮಾಸ್ಕ್ ಹಾಕಿ, ಮನೆಯಿಂದ ಇಷ್ಟು ದೂರದೊಳಗೆ ನಡೆಯಬಹುದು ಅನ್ನೋ ಮಾತನ್ನ ಜಿಲ್ಲೆ ಮಟ್ಟದಲ್ಲಿ ಈಗಲೇ ಬರೆದಿಡೋಕೆ ಯಾರ ಅಡ್ಡಿಯೂ ಇಲ್ಲ. ಅಲ್ಲಿವರೆಗೆ ಇನ್ನೊಂದು ಸಲ ಇಂಥದ್ದೇ ಬಂದ್ರೆ ತೋಟ ಇದ್ದೋರು ಒಳಗೆ ನಡೀತಾರೆ, ಇಲ್ಲದೋರು ಚೆಕ್‌ಪೋಸ್ಟಲ್ಲಿ ಆ ದಿನ ಡ್ಯೂಟಿಯಲ್ಲಿ ಯಾರಿದ್ದಾರೆ ಅಂತ ನೋಡ್ಕೊಂಡು ಹೊರಡ್ಬೇಕು.