ಸಲಕರಣೆ ಕಳೆದುಕೊಂಡವರು ಮೊದಲು ಕೊಳ್ಳಬೇಕಾದ್ದು ಹಗ್ಗ

ಮರ ಹತ್ತಿ ಕೊಂಬೆ ಕತ್ತರಿಸುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಶೆಡ್ಡಿಗೆ ಹೋದರೆ ಬಾಗಿಲಲ್ಲಿ ಬೀಗವೇ ಇರಲಿಲ್ಲ. ಎರಡು ಚೈನ್‌ಸಾ (ಚೈನ್ ತಿರುಗುವ ಯಂತ್ರದ ಗರಗಸ), ಕೋಲುಗರಗಸ, ಮರ ಹತ್ತುವ ಹಗ್ಗ, ಹಾರ್ನೆಸ್ (ಹತ್ತುವಾಗ ಮೈಗೆ ಬಿಗಿದುಕೊಳ್ಳುವ ಪಟ್ಟಿ), ಹೆಲ್ಮೆಟ್ ಎಲ್ಲವೂ ಹೋಗಿದ್ದವು. ಮೂಲೆಯಲ್ಲಿ ಒಂದು ಕೈಗರಗಸ ಉಳಿದಿತ್ತು. ಈಗ ಇಂಥದೇ ಪೆಟ್ಟು ತಿಂದ ಸಣ್ಣ ತಂಡದವರು ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು, ಹಳೇ ಚೈನ್‌ಸಾ ಎಲ್ಲಿ ಸಿಗುತ್ತದೆ ಎಂದೇ.

ಅದು ಆಮೇಲೆ. ಮೊದಲು ಪೊಲೀಸರಿಗೆ ದೂರು ಕೊಡಿ, ವಿಮೆ ಇದ್ದರೆ ಅದೇ ದಿನ ಅವರಿಗೂ ತಿಳಿಸಿ. ಎರಡೂ ಕಡೆ ಸೀರಿಯಲ್ ನಂಬರ್ ಕೇಳುತ್ತಾರೆ. ನಾನು ಬರೆದಿಟ್ಟುಕೊಂಡಿರಲಿಲ್ಲ. ಹಳೇ ಫೋಟೊಗಳನ್ನು ಹಿಗ್ಗಿಸಿ ನೋಡಿ ಒಂದು ಯಂತ್ರದ ನಂಬರನ್ನಷ್ಟೇ ಓದಲು ಸಾಧ್ಯವಾಯಿತು.

ಕೈಗೆ ಬಂದ ಮೊದಲ ದುಡ್ಡನ್ನು ಹಗ್ಗ, ಹಾರ್ನೆಸ್, ಹೆಲ್ಮೆಟ್ಟಿಗೆ ಹಾಕಿ. ಇವು ಹೊಸವೇ ಆಗಬೇಕು. ಬ್ಯಾಟರಿ ಆಸಿಡ್ ತಗುಲಿದ ನೈಲಾನ್ ಹಗ್ಗ ನೋಡಲು ಚೆನ್ನಾಗಿಯೇ ಇದ್ದು ಒಳಗೆ ಬಲ ಕಳೆದುಕೊಂಡಿರಬಹುದು. ಬಳಸದೆ ಇಟ್ಟರೂ 10 ವರ್ಷಕ್ಕಿಂತ ಹೆಚ್ಚು ಇಂಥವನ್ನು ನಂಬಬೇಡಿ ಎಂದು ತಯಾರಕರೇ ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಹಗ್ಗವನ್ನು ಹತ್ತುವ ಮುನ್ನ ಗೇಣುಗೇಣಾಗಿ ಬೆರಳ ನಡುವೆ ಎಳೆದು ನೋಡುತ್ತೇನೆ. ಎಲ್ಲಾದರೂ ಗಟ್ಟಿಯಾಗಿದ್ದರೆ, ಚಪ್ಪಟೆಯಾಗಿದ್ದರೆ, ನಾರು ಸುಟ್ಟು ಹೊಳೆಯುತ್ತಿದ್ದರೆ ಆ ಹಗ್ಗ ಮತ್ತೆ ಮರ ಹತ್ತುವುದಿಲ್ಲ. ಬೇರೆಯವರು ಬಳಸಿದ ಹಗ್ಗದ ಹಿಂದಿನ ಕಥೆಯನ್ನು ಬೆರಳು ಪೂರ್ತಿ ಓದಲಾರದು.

ದೊಡ್ಡ ಮರದ ಕೆಲಸ ಒಪ್ಪಿಕೊಂಡಿದ್ದರೆ ಗಿರಾಕಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ಸಮಯ ಕೇಳಿ. ಅರ್ಧ ಸಲಕರಣೆಯಲ್ಲಿ ಮರ ಹತ್ತುವ ಸಾಹಸ ಖಂಡಿತ ಬೇಡ.

ಅಲ್ಲಿಯವರೆಗೆ ಕೈಗರಗಸದಲ್ಲೇ ಮಾಡುವ ಒಳ್ಳೆಯ ಕೆಲಸವಿದೆ: ಎಳೆ ಮರಗಳನ್ನು ತಿದ್ದುವುದು. ನೆಲದ ಮೇಲೆ ನಿಂತೇ ಮಾಡಬಹುದು. ತುದಿಯಲ್ಲಿ ಎರಡು ಕಾಂಡ ಪೈಪೋಟಿಗೆ ಬಿದ್ದಿದ್ದರೆ ಒಂದನ್ನು ಗಿಡ್ಡ ಮಾಡಿ. ಮುಂದೊಂದು ದಿನ ಗಾಳಿಗೆ ಮರ ಸೀಳುವುದು ಅಲ್ಲೇ. ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಭಾರದ ಕೊಂಬೆಗೆ ಮೂರು ಕೊಯ್ತ: ಕಾಂಡದಿಂದ ಸುಮಾರು 30 ಸೆಂ.ಮೀ. ಆಚೆ ಮೊದಲು ಕೆಳಗಿನಿಂದ, ಇನ್ನೊಂಚೂರು ಆಚೆ ಮೇಲಿನಿಂದ, ಕೊನೆಗೆ ಉಳಿದ ಮೋಟು. ಕೊಂಬೆಯ ಬುಡದಲ್ಲಿ ಉಂಗುರದಂತೆ ಉಬ್ಬಿದ ಭಾಗವನ್ನು ಮಾತ್ರ ಮುಟ್ಟಬಾರದು. ಗಾಯ ಮುಚ್ಚುವ ಹೊಸ ತೊಗಟೆ ಸರಿಯಾಗಿ ಸುತ್ತುಗಟ್ಟುವುದು ಅಲ್ಲಿಂದಲೇ. ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ತೋರಿಸಿಕೊಟ್ಟದ್ದು ಇದನ್ನೇ: ಮರ ಕೊಳೆತವನ್ನು ಒಳಗೇ ಗೋಡೆ ಕಟ್ಟಿ ತಡೆಯುತ್ತದೆ, ಉಬ್ಬನ್ನು ಸವರಿದರೆ ಆ ಗೋಡೆ ಕೆಡುತ್ತದೆ, ಮೇಲೆ ಬಳಿಯುವ ಬಣ್ಣ ಕೊಳೆತವನ್ನು ನಿಲ್ಲಿಸುವುದಿಲ್ಲ. ಇದನ್ನು ಗಿರಾಕಿಗೆ ಕೊಂಬೆ ಹಿಡಿದು ತೋರಿಸಿ. ಕೈಗರಗಸ ಹಿಡಿದು ಬಂದವನ ಮೇಲೆ ನಂಬಿಕೆ ಹುಟ್ಟಿದ್ದನ್ನು ನಾನು ಆ ತಿಂಗಳುಗಳಲ್ಲಿ ಕಣ್ಣಾರೆ ಕಂಡೆ.

ಕೊಂಬೆ ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಾಕು. ಚೈನ್‌ಸಾ ಹಳೆಯದಾದರೂ ನಡೆಯುತ್ತದೆ, ಆದರೆ ಚಾಲೂ ಮಾಡಿಸಿ ನೋಡಿಯೇ ಕೊಳ್ಳಿ. ಮುಂದಿನ ಹಿಡಿಯ ಎದುರು ಕೈ ಕಾಯುವ ಗಾರ್ಡ್ ಇರುತ್ತದೆ, ಅದನ್ನು ಮುಂದಕ್ಕೆ ತಳ್ಳಿದ ಕೂಡಲೇ ಚೈನ್ ನಿಲ್ಲಬೇಕು. ನಿಲ್ಲದಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟು ಬನ್ನಿ. ಕೊಂಡರೆ, ಮನೆಗೆ ತಂದ ಮೊದಲ ಗಳಿಗೆಯಲ್ಲೇ ಸೀರಿಯಲ್ ನಂಬರಿನ ಫೋಟೊ ತೆಗೆದಿಡಿ.