ಶಹಾಪುರದ ಹತ್ತಿ, ಢಾಕಾದ ಹೊಲಿಗೆ

ಕಲಬುರಗಿ ಹತ್ತಿರ 1,000 ಎಕರೆಯಲ್ಲಿ ಪಿಎಂ ಮಿತ್ರ ಜವಳಿ ಪಾರ್ಕ್ ಬರುತ್ತದೆ ಎಂದು 2023ರ ಮಾರ್ಚ್‌ನಲ್ಲಿ ಘೋಷಣೆಯಾಯಿತು. 2025ರ ಜುಲೈನಲ್ಲಿ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಒಪ್ಪಂದವಾದರೆ ನಮ್ಮ ಕಡೆಯ ಬಟ್ಟೆಯೂ ವಿದೇಶಕ್ಕೆ ಹೋಗುತ್ತಾ? ಇದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

1974ರಿಂದ ಮೂವತ್ತು ವರ್ಷ ಜಗತ್ತಿನ ಬಟ್ಟೆ ವ್ಯಾಪಾರ ನಡೆದದ್ದು ಕೋಟಾ ಮೇಲೆ. ಯಾವ ದೇಶ ಎಷ್ಟು ಕಳಿಸಬಹುದು ಎಂಬುದನ್ನು ಕೊಳ್ಳುವ ಶ್ರೀಮಂತ ದೇಶಗಳೇ ಕಟ್ಟಿಹಾಕಿದ್ದವು. 2005ರ ಜನವರಿ 1ಕ್ಕೆ ಕೋಟಾ ಹೋಯಿತು, ಸುಂಕ ಉಳಿಯಿತು.

ಯುರೋಪ್ ಒಕ್ಕೂಟದಲ್ಲಿ ಸಿದ್ಧ ಉಡುಪಿಗೆ ಮಾಮೂಲಿ ಸುಂಕ ಶೇ 12. ಆದರೆ ಬಾಂಗ್ಲಾದೇಶದಂಥ ತೀರಾ ಹಿಂದುಳಿದ ದೇಶಗಳಿಗೆ 2001ರಿಂದಲೇ ಸೊನ್ನೆ. ಭಾರತಕ್ಕೂ ಸ್ವಲ್ಪ ರಿಯಾಯಿತಿ ಇತ್ತು, ಸೊನ್ನೆ ಇರಲಿಲ್ಲ. ಅಂಗಿಗೆ ಹತ್ತಿಪ್ಪತ್ತು ರೂಪಾಯಿ ಲಾಭ ನೋಡುವ ದಂಧೆಯಲ್ಲಿ ಈ ಅಂತರ ಸಣ್ಣದಲ್ಲ ಅಲ್ವಾ?

ನನ್ನ ಮಟ್ಟಿಗೆ ದೊಡ್ಡ ತಿರುವು ಬಂದದ್ದು 2011ರಲ್ಲಿ. ಅಲ್ಲಿಯ ತನಕ ಸುಂಕ ಮಾಫಿ ಬೇಕಿದ್ದರೆ ಬಟ್ಟೆಯೂ ಬಾಂಗ್ಲಾದಲ್ಲೇ ತಯಾರಾಗಬೇಕಿತ್ತು. ಆಮೇಲೆ ಹೊಲಿಗೆ ಅಲ್ಲಾದರೆ ಸಾಕು ಎಂದಾಯಿತು. ಬಟ್ಟೆ ಎಲ್ಲಿಂದ ಬಂದರೂ ನಡೆಯುತ್ತದೆ, ಭಾರತದಿಂದ ಬಂದರೂ.

ಇದನ್ನು ನಮ್ಮ ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ನಿಂತು ನೋಡಬೇಕು. ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಟ್ರ್ಯಾಕ್ಟರ್ ನಿಲ್ಲುತ್ತದೆ. ಖರೀದಿದಾರ ಹತ್ತಿಯೊಳಗೆ ಮೊಳಕೈ ತನಕ ಕೈ ತೂರಿಸಿ ತೇವ ನೋಡುತ್ತಾನೆ. ಬೀಜ ಬೇರೆಯಾಗಿ, 170 ಕಿಲೋದ ಬೇಲ್ ಕಟ್ಟಿ ಲಾರಿ ಹತ್ತಿದರೆ ನಮ್ಮ ಜಿಲ್ಲೆಯ ಪಾಲು ಮುಗಿಯಿತು. ಭಾರತದ ಹತ್ತಿ, ನೂಲು ಬಾಂಗ್ಲಾಕ್ಕೆ ಹೋಗಿ, ಅಲ್ಲಿ ಅಂಗಿಯಾಗಿ, ಸುಂಕವಿಲ್ಲದೆ ಯುರೋಪ್ ಸೇರುತ್ತದೆ. ಕೂಲಿ ಹೊಲಿದವರ ಊರಲ್ಲಿ ಉಳಿಯುತ್ತದೆ. ಕಲಬುರಗಿಯಲ್ಲೂ ಎಂಎಸ್‌ಕೆ ಎಂಬ ಬಟ್ಟೆ ಮಿಲ್ ಇತ್ತು. ಈಗ ಆ ಹೆಸರು ಬಡಾವಣೆಗೆ ಮಾತ್ರ ಉಳಿದಿದೆ.

2020ರಲ್ಲಿ ವಿಯೆಟ್ನಾಂಗೂ ಯುರೋಪಿನ ಜೊತೆ ಒಪ್ಪಂದ ಜಾರಿಯಾಯಿತು. ಆದರೆ ಅಲ್ಲಿ ನಿಯಮ ಬಿಗಿ. ಚೀನಾದ ಬಟ್ಟೆ ತಂದು ಸುಮ್ನೆ ಹೊಲಿದರೆ ರಿಯಾಯಿತಿ ಇಲ್ಲ. ಭಾರತ 2019ರಲ್ಲಿ ಆರ್‌ಸಿಇಪಿ ಎಂಬ, ಚೀನಾವೂ ಸೇರಿದ ಏಷ್ಯಾ–ಪೆಸಿಫಿಕ್ ದೇಶಗಳ ದೊಡ್ಡ ವ್ಯಾಪಾರ ಒಪ್ಪಂದದಿಂದ ಹೊರಗುಳಿದು, ಯುಎಇ, ಆಸ್ಟ್ರೇಲಿಯಾ, ಬ್ರಿಟನ್ ಎಂದು ಒಂದೊಂದೇ ದೇಶದ ಜೊತೆ ಹೊರಟಿತು.

ರೈತರ ಕಡೆಯದು ಬೇರೆಯೇ ಚಿಂತೆ. 2025ರ ಆಗಸ್ಟ್‌ನಲ್ಲಿ ಹತ್ತಿ ಆಮದಿನ ಶೇ 11 ಸುಂಕವನ್ನು ತಾತ್ಕಾಲಿಕವಾಗಿ ತೆಗೆದರು, ಆಮೇಲೆ ಡಿಸೆಂಬರ್ ಕೊನೆ ತನಕ ಮುಂದುವರಿಸಿದರು. ಮಿಲ್ಲಿಗೆ ಅಗ್ಗದ ಹತ್ತಿ ಬೇಕು, ನಿಜ. ಆದರೆ ಯಾದಗಿರಿಯ ರೈತ ಹತ್ತಿ ಬಿಡಿಸಿ ಮಾರುವ ತಿಂಗಳುಗಳೂ ಅವೇ.

ಬ್ರಿಟನ್ ಒಪ್ಪಂದದಲ್ಲಿ ಉಡುಪಿನ ಸುಂಕ ಸೊನ್ನೆಗೆ ಇಳಿಯುತ್ತದೆ. ಆ ಲಾಭ ತಿರುಪ್ಪೂರಿಗೆ, ಬೆಂಗಳೂರಿಗೆ ಮೊದಲು ಸಿಗುತ್ತದೆ, ಯಾಕೆಂದರೆ ಹೊಲಿಗೆ ಅಲ್ಲಿದೆ. ನಮ್ಮ ಹೆಣ್ಣುಮಕ್ಕಳೂ ಗಾರ್ಮೆಂಟ್ಸ್ ಕೆಲಸಕ್ಕೆ ಬೆಂಗಳೂರಿನ ರೈಲು ಹತ್ತುತ್ತಿದ್ದಾರೆ. ಪಾರ್ಕ್‌ನಲ್ಲಿ ಮೊದಲು ಹೊಲಿಗೆ ಶೆಡ್‌ಗಳು ಏಳಲಿ. ಜಾಸ್ತಿ ಕೈಗೆ ಕೆಲಸ ಸಿಗುವುದು ಅಲ್ಲೇ.